ಹೆಸರೇ ಬಂಡವಾಳ: ಮಾಹಿತಿ ಸೋರಿಕೆಯ ನಂತರ ವರ್ತಕರು ಕೈಗೊಳ್ಳಬೇಕಾದ ಕ್ರಮಗಳು

ವ್ಯಾಪಾರದಲ್ಲಿ ಹಣಕ್ಕಿಂತ ಮೊದಲು ಚಲಾವಣೆಗೆ ಬರುವುದು ವರ್ತಕನ ಹೆಸರು. ಆ ಹೆಸರಿನ ಮೇಲೆಯೇ ಸರಕು ಕಡವಾಗಿ ದೊರೆಯುತ್ತದೆ, ಬ್ಯಾಂಕು ಓವರ್‌ಡ್ರಾಫ್ಟ್ ಮಂಜೂರು ಮಾಡುತ್ತದೆ. ಇಂದು ಆ ಹೆಸರು ಪ್ಯಾನ್, ಆಧಾರ್ ಹಾಗೂ ಮೊಬೈಲ್ ಸಂಖ್ಯೆಗಳ ರೂಪದಲ್ಲಿ ಹತ್ತಾರು ಕಚೇರಿಗಳ ಗಣಕಯಂತ್ರಗಳಲ್ಲಿ ಹರಡಿಕೊಂಡಿದೆ. ಒಂದು ಕಡೆ ಸೋರಿದರೂ ಅನ್ಯರು ಅದನ್ನು ಬಂಡವಾಳ ಮಾಡಿಕೊಳ್ಳಬಲ್ಲರು.

2021ರ ಮೇ ತಿಂಗಳಲ್ಲಿ ಏರ್ ಇಂಡಿಯಾ ಸಂಸ್ಥೆಯು ಸುಮಾರು 45 ಲಕ್ಷ ಜನರ ಹೆಸರು, ಜನ್ಮದಿನಾಂಕ, ಪಾಸ್‌ಪೋರ್ಟ್ ಮೊದಲಾದ ವಿವರಗಳು ಸೋರಿಕೆಯಾಗಿರುವುದನ್ನು ಪ್ರಕಟಿಸಿತು. ಸೋರಿಕೆ ನಡೆದದ್ದು ಅದಕ್ಕೆ ಗಣಕ ಸೇವೆ ಒದಗಿಸುತ್ತಿದ್ದ ಬೇರೊಂದು ಸಂಸ್ಥೆಯಲ್ಲಿ. ಗ್ರಾಹಕನು ಹೆಸರನ್ನೂ ಕೇಳಿರದ ಸ್ಥಳದಿಂದ ಅವನ ಮಾಹಿತಿ ಹೊರಹೋಗಬಹುದೆಂಬುದಕ್ಕೆ ಇದು ನಿದರ್ಶನ. ಪಾಸ್‌ವರ್ಡನ್ನು ಬದಲಿಸಬಹುದು, ಜನ್ಮದಿನಾಂಕವನ್ನು ಬದಲಿಸಲಾಗದು. ಆದುದರಿಂದ ಹೋದುದಕ್ಕೆ ಮರುಗುವುದಕ್ಕಿಂತ ಅದರ ದುರುಪಯೋಗವನ್ನು ತಡೆಯುವುದೇ ವಿವೇಕ.

ವರ್ತಕನಿಗಿರುವ ವಿಶೇಷ ಅಪಾಯ

ಸಾಮಾನ್ಯ ನಾಗರಿಕನಿಗೆ ಬ್ಯಾಂಕು ಖಾತೆಯದೇ ಚಿಂತೆ. ವರ್ತಕನಿಗೆ ಇನ್ನೊಂದು ಅಪಾಯವಿದೆ. ವಂಚಕರು ಬೇರೊಬ್ಬರ ಪ್ಯಾನ್, ಆಧಾರ್ ಪ್ರತಿ ಹಾಗೂ ಸುಳ್ಳು ಬಾಡಿಗೆ ಕರಾರುಪತ್ರ ಬಳಸಿ ಜಿಎಸ್‌ಟಿ ನೋಂದಣಿ ಪಡೆಯುತ್ತಾರೆ. ಸರಕಿಲ್ಲದೆ ಬಿಲ್ಲು ಬರೆದು, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಾಗಿಸಿ ಕಣ್ಮರೆಯಾಗುತ್ತಾರೆ. ನೋಟಿಸು ಬರುವುದು ಮಾತ್ರ ಪ್ಯಾನ್‌ನ ನಿಜವಾದ ಒಡೆಯನಿಗೆ. 2023ರ ಮೇ 16ರಿಂದ ಜುಲೈ 15ರವರೆಗೆ ದೇಶದಾದ್ಯಂತ ನಡೆದ ವಿಶೇಷ ತಪಾಸಣೆಯಲ್ಲಿ 21,791 ನೋಂದಾಯಿತ ಸಂಸ್ಥೆಗಳು ಅಸ್ತಿತ್ವದಲ್ಲೇ ಇಲ್ಲವೆಂದು ಕಂಡುಬಂದಿತು. ಶಂಕಿತ ತೆರಿಗೆ ವಂಚನೆ 24,010 ಕೋಟಿ ರೂಪಾಯಿ.

ಮೊದಲು ಬೀಗ

ಸೋರಿಕೆಯ ಸುದ್ದಿ ತಿಳಿದೊಡನೆ ಇ-ಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಬದಲಿಸತಕ್ಕದ್ದು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚು ಹಾಗೂ ಕಣ್ಪಾಪೆಯ ದೃಢೀಕರಣಕ್ಕೆ ಬೀಗ ಹಾಕುವ ಸೌಲಭ್ಯವಿದೆ. ಇದು ಕೇವಲ ಔಪಚಾರಿಕವಲ್ಲ: ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಬಳಸಿ ಖಾತೆಯಿಂದ ಹಣ ತೆಗೆಯಲಾಗಿದೆಯೆಂಬ ದೂರುಗಳು 2023ರಲ್ಲಿ ಬೆಂಗಳೂರಿನಲ್ಲಿಯೇ ದಾಖಲಾದವು. ಅಗತ್ಯ ಬಿದ್ದಾಗ ಬೀಗವನ್ನು ತಾತ್ಕಾಲಿಕವಾಗಿ ತೆರೆಯಬಹುದು. ಗುರುತಿಗಾಗಿ ಪ್ರತಿ ಕೊಡುವಾಗ ಕೊನೆಯ 4 ಅಂಕಿಗಳು ಮಾತ್ರ ಕಾಣುವ ಆಧಾರ್ ಸಾಕಾಗುವುದಾದರೆ ಅದನ್ನೇ ಕೊಡಿ. ಜೆರಾಕ್ಸ್ ಪ್ರತಿಯ ಮೇಲೆ ಉದ್ದೇಶ ಮತ್ತು ದಿನಾಂಕ ಬರೆದು ಅಡ್ಡಲಾಗಿ ಸಹಿ ಮಾಡಿ.

ನಂತರ ತಪಾಸಣೆ

ತಿಂಗಳಿಗೊಮ್ಮೆ ಲೆಕ್ಕ ತಾಳೆ ನೋಡುವಂತೆ ನಮ್ಮ ಹೆಸರನ್ನೂ ತಾಳೆ ನೋಡಬೇಕು.

1. ಜಿಎಸ್‌ಟಿ ಜಾಲತಾಣದಲ್ಲಿ ಪ್ಯಾನ್ ಸಂಖ್ಯೆ ನಮೂದಿಸಿ ಹುಡುಕಿದರೆ ಅದರ ಮೇಲೆ ಯಾವ ಯಾವ ರಾಜ್ಯಗಳಲ್ಲಿ ನೋಂದಣಿಯಾಗಿದೆಯೆಂಬುದು ತಿಳಿಯುತ್ತದೆ. ಇದಕ್ಕೆ ಶುಲ್ಕವಿಲ್ಲ.

2. ಆದಾಯ ತೆರಿಗೆ ಜಾಲತಾಣದ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ತಮ್ಮದಲ್ಲದ ವಹಿವಾಟು ಇದೆಯೇ ಎಂದು ಪರಿಶೀಲಿಸಿ.

3. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಸಾಲ ವರದಿಯನ್ನು ಉಚಿತವಾಗಿ ಪಡೆಯಬಹುದು. ನಾಲ್ಕನ್ನೂ ಒಮ್ಮೆಲೇ ತರಿಸದೆ ಮೂರು ತಿಂಗಳಿಗೊಂದರಂತೆ ತರಿಸಿದರೆ ವರ್ಷವಿಡೀ ನಿಗಾ ಇಟ್ಟಂತಾಗುತ್ತದೆ.

4. 2023ರಲ್ಲಿ ಆರಂಭವಾದ ಸಂಚಾರ್ ಸಾಥಿ ಜಾಲತಾಣದಲ್ಲಿ ತಮ್ಮ ಹೆಸರಿನಲ್ಲಿರುವ ಮೊಬೈಲ್ ಸಂಪರ್ಕಗಳನ್ನು ನೋಡಿ, ಅಪರಿಚಿತ ಸಂಖ್ಯೆಗಳ ಬಗ್ಗೆ ವರದಿ ಮಾಡಿ.

ತಡಮಾಡದೆ ದೂರು

ಹಣ ಹೋಗಿದ್ದರೆ ಮೊದಲು ಬ್ಯಾಂಕಿಗೆ ಹಾಗೂ 1930 ಸಹಾಯವಾಣಿಗೆ ತಿಳಿಸಬೇಕು. ತಡವಾದಷ್ಟೂ ನಷ್ಟದ ಹೊರೆ ಗ್ರಾಹಕನ ಮೇಲೆ ಹೆಚ್ಚುತ್ತದೆಂಬ ತತ್ವವನ್ನು ರಿಸರ್ವ್ ಬ್ಯಾಂಕು 2017ರ ಜುಲೈ ಸುತ್ತೋಲೆಯಲ್ಲಿಯೇ ಸ್ಪಷ್ಟಪಡಿಸಿತು. ಸುಳ್ಳು ಜಿಎಸ್‌ಟಿ ನೋಂದಣಿ ಕಂಡುಬಂದರೆ ಸಂಬಂಧಪಟ್ಟ ತೆರಿಗೆ ಕಚೇರಿಗೂ ಪೊಲೀಸರಿಗೂ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯಿರಿ. ಮುಂದೆ ನೋಟಿಸು ಬಂದಾಗ ವರ್ತಕನ ಪರವಾಗಿ ಮಾತನಾಡುವುದು ಆ ಸ್ವೀಕೃತಿಯೇ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ ಗುರುತಿನ ಕಳವಿಗೆ 3 ವರ್ಷಗಳವರೆಗೆ ಸೆರೆವಾಸ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡವಿದೆ.

ನಮ್ಮ ಅಂಗಡಿಯ ಕಡತ

ಕಡೆಯದಾಗಿ ಒಂದು ಆತ್ಮಾವಲೋಕನ. ಕಾರ್ಮಿಕರ, ಗ್ರಾಹಕರ ಆಧಾರ್ ಪ್ರತಿಗಳು ನಮ್ಮ ಮೇಜಿನ ಖಾನೆಯಲ್ಲಿಯೂ ಗುಮಾಸ್ತರ ಮೊಬೈಲ್‌ನಲ್ಲಿಯೂ ಉಳಿದಿವೆಯಲ್ಲವೇ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಯಾಗುವಂತೆ ರೂಪಿತವಾಗಿವೆ. ಗಣಕದಲ್ಲಿರುವ ಮಾಹಿತಿ ಸೋರಿದರೆ ಬಾಧಿತರಿಗೆ ತಿಳಿಸುವ ಹೊಣೆ ಈ ಕಾಯ್ದೆಯಂತೆ ಮಾಹಿತಿ ಇಟ್ಟುಕೊಂಡವರದ್ದೇ. ಬೇಡದ ಪ್ರತಿಗಳನ್ನು ಇಂದೇ ನಾಶಪಡಿಸುವುದು ಕ್ಷೇಮ. ನಮ್ಮ ಹೆಸರನ್ನು ಕಾಯ್ದುಕೊಳ್ಳುವಷ್ಟೇ ಜಾಗ್ರತೆಯಿಂದ ನಮ್ಮನ್ನು ನಂಬಿದವರ ಹೆಸರನ್ನೂ ಕಾಯುವುದು ವರ್ತಕಧರ್ಮ.