ಮಾವಿನ ಪಾನೀಯ: ತೋಟದಿಂದ ಸೀಸೆಯವರೆಗೆ

ಬೇಸಿಗೆಯಲ್ಲಿ ಬಸ್ ನಿಲ್ದಾಣದ ಅಂಗಡಿಗಳಲ್ಲಿ ಸಾಲಾಗಿ ನಿಲ್ಲುವ ಮಾವಿನ ಪಾನೀಯದ ಸೀಸೆಗಳಿಗೂ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಮಾವಿನ ಮಂಡಿಗೂ ಹತ್ತಿರದ ನಂಟಿದೆ. ಆ ಪಾನೀಯಗಳಿಗೆ ಹೆಚ್ಚಾಗಿ ಬಳಕೆಯಾಗುವುದು ನಮ್ಮವರು ಗಿಣಿಮೂತಿ ಎಂದು ಕರೆಯುವ ತೋತಾಪುರಿ. ತಿನ್ನಲು ಇದಕ್ಕೆ ಬಾದಾಮಿ, ರಸಪುರಿಗಳ ರುಚಿ ಇಲ್ಲ ನಿಜ. ಆದರೆ ಮರ ತುಂಬ ಕಾಯಿ ಬಿಡುತ್ತದೆ, ತಿರುಳು ಗಟ್ಟಿ, ಬೆಲೆಯೂ ಅಗ್ಗ. ಪರಿಮಳಕ್ಕೆಂದು ಬಾದಾಮಿಯ ತಿರುಳನ್ನು ಸ್ವಲ್ಪ ಬೆರೆಸುವುದೂ ಉಂಟು. ಜೂನ್ ತಿಂಗಳಲ್ಲಿ ತೋತಾಪುರಿಯ ದರ ಏಕೆ ದಿಢೀರನೆ ಇಳಿಯುತ್ತದೆಂದು ಕೇಳುವ ಬೆಳೆಗಾರರು ಈ ಸೀಸೆ ತುಂಬುವ ಕ್ರಮವನ್ನು ತಿಳಿದಿರುವುದು ಒಳ್ಳೆಯದು.

ಮೊದಲು ತಿರುಳು

ಪಾನೀಯದ ಕಾರ್ಖಾನೆಗೆ ಹಣ್ಣು ಹೋಗುವುದಿಲ್ಲ, ಹೋಗುವುದು ತಿರುಳು. ಚಿತ್ತೂರು, ಕೃಷ್ಣಗಿರಿ ಕಡೆಯ ತಿರುಳು ಕಾರ್ಖಾನೆಗಳಲ್ಲಿ ಕಾಯನ್ನು ಹಣ್ಣು ಮಾಡಿ, ತೊಳೆದು, ಕೊಳೆತದ್ದನ್ನು ಆರಿಸಿ ತೆಗೆದು, ಓಟೆ ಮತ್ತು ಸಿಪ್ಪೆಯನ್ನು ಯಂತ್ರದಿಂದ ಬೇರ್ಪಡಿಸುತ್ತಾರೆ. ಒಂದು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಅರ್ಧ ಕಿಲೋ ತಿರುಳು ದೊರೆಯುತ್ತದೆ. ಅದನ್ನು ಚೆನ್ನಾಗಿ ಕಾಯಿಸಿ ಕ್ರಿಮಿಗಳನ್ನು ನಾಶಮಾಡಿ, ತಣಿಸಿ, ಗಾಳಿ ಸೋಕದಂತೆ ಚೀಲಕ್ಕೆ ತುಂಬಿ, ಆ ಚೀಲವನ್ನು ಕಬ್ಬಿಣದ ಡ್ರಮ್ಮಿನಲ್ಲಿಡುತ್ತಾರೆ. ಒಂದು ಡ್ರಮ್ಮಿಗೆ ಸಾಮಾನ್ಯವಾಗಿ 215 ಕಿಲೋ. ಹೀಗೆ ತುಂಬಿದ ತಿರುಳು ಶೀತಲಗೃಹವಿಲ್ಲದೆಯೇ ಒಂದು ವರ್ಷಕ್ಕೂ ಹೆಚ್ಚು ಕಾಲ ಕೆಡದೆ ಉಳಿಯುತ್ತದೆ. ಈ ಮಾತನ್ನು ನೆನಪಿನಲ್ಲಿಡಿ. ಬೆಲೆಯ ಗುಟ್ಟು ಇಲ್ಲೇ ಇದೆ.

ನೀರನ್ನು ದೂರ ಸಾಗಿಸಿದರೆ ಲಾಭವಿಲ್ಲ. ಆದ್ದರಿಂದ ಡ್ರಮ್ಮುಗಳು ದೂರ ಹೋಗುತ್ತವೆ, ಸೀಸೆ ತುಂಬುವ ಕಾರ್ಖಾನೆಗಳು ಮಾರುಕಟ್ಟೆಗೆ ಸಮೀಪದಲ್ಲಿ ಇರುತ್ತವೆ. ಅಲ್ಲಿ ಶುದ್ಧೀಕರಿಸಿದ ನೀರು, ಸಕ್ಕರೆ, ಸಿಟ್ರಿಕ್ ಆಮ್ಲ ಇವುಗಳೊಡನೆ ತಿರುಳನ್ನು ಬೆರೆಸುತ್ತಾರೆ. ಇದರಲ್ಲಿ ಸೋಡಾದಂತೆ ಅನಿಲ ಇರುವುದಿಲ್ಲ. ಕೆಡದಂತೆ ಕಾಪಾಡುವುದು ಹುಳಿ ಮತ್ತು ಶಾಖ. ಸುಮಾರು 90 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೇ ಸೀಸೆಗೆ ತುಂಬಿ, ಮುಚ್ಚಳ ಹಾಕಿ, ಸೀಸೆಯನ್ನು ಮಲಗಿಸುತ್ತಾರೆ. ಬಿಸಿ ರಸ ತಗಲಿ ಮುಚ್ಚಳದ ಒಳಭಾಗವೂ ಶುದ್ಧವಾಗುತ್ತದೆ. ಅನಂತರ ಮೇಲೆ ನೀರು ಹಾಯಿಸಿ ತಣಿಸುತ್ತಾರೆ. ತಣಿದಾಗ ಒಳಗಿನ ರಸ ಕುಗ್ಗಿ ಪ್ಲಾಸ್ಟಿಕ್ ಸೀಸೆ ನೆಗ್ಗಿಹೋಗದಿರಲೆಂದೇ ಅದರ ಮೈಮೇಲೆ ಅಷ್ಟೊಂದು ಪಟ್ಟಿಗಳು. 1976ರಲ್ಲಿ ಮಾಜಾ ಬಂದಾಗ ಗಾಜಿನ ಸೀಸೆಯ ಕಾಲ. ಖಾಲಿ ಸೀಸೆ ಅಂಗಡಿಗೆ ವಾಪಸು ಬಂದು, ಕಾಸ್ಟಿಕ್ ಸೋಡಾದಲ್ಲಿ ತೊಳೆಸಿಕೊಂಡು ಮತ್ತೆ ತುಂಬುತ್ತಿತ್ತು. 1985ರಲ್ಲಿ ಫ್ರೂಟಿ ಕಾಗದದ ಪೊಟ್ಟಣದಲ್ಲಿ ಬಂದ ಮೇಲೆ ವಾಪಸು ಕೊಡುವ ಗೋಜಿಲ್ಲದೆ ಪಾನೀಯ ಹಳ್ಳಿಹಳ್ಳಿಗೂ ತಲುಪಿತು.

ಲೆಕ್ಕ ಹೀಗಿದೆ

ನಮ್ಮ ಆಹಾರ ಸುರಕ್ಷತಾ ನಿಯಮದಂತೆ ಮಾವಿನ ಪಾನೀಯದಲ್ಲಿ ಹಣ್ಣಿನ ಅಂಶ ನೂರಕ್ಕೆ 10 ಭಾಗವಾದರೂ ಇರಬೇಕು. ಇದಕ್ಕಿಂತ ಹೆಚ್ಚು ಹಾಕುವವರೂ ಇದ್ದಾರೆ, ಚೀಟಿಯ ಮೇಲೆ ಅದು ನಮೂದಾಗಿರುತ್ತದೆ. ಕನಿಷ್ಠ ಪ್ರಮಾಣವನ್ನೇ ಹಿಡಿದರೆ ಒಂದು ಕಿಲೋ ತೋತಾಪುರಿಯಿಂದ 5 ಲೀಟರ್, ಅಂದರೆ ಕಾಲು ಲೀಟರಿನ 20 ಸೀಸೆ ಪಾನೀಯವಾಗುತ್ತದೆ! ಸಕ್ಕರೆ, ಸೀಸೆ, ಲಾರಿ ಬಾಡಿಗೆ, ವಿತರಕರ ಮತ್ತು ಅಂಗಡಿಯವರ ಪಾಲು ಎಲ್ಲವನ್ನೂ ಕಳೆದರೂ, ಹಣ್ಣಿನ ದರ ಕಿಲೋಗೆ ಒಂದೆರಡು ರೂಪಾಯಿ ಏರಿದರೆ ಸೀಸೆಯ ಮೇಲೆ ಬೀಳುವುದು ಪೈಸೆಗಳ ಲೆಕ್ಕ ಮಾತ್ರ.

ಹಾಗಿದ್ದೂ ದರ ಕುಸಿಯುವುದೇಕೆ? ಪಾನೀಯ ಹೆಚ್ಚಾಗಿ ಮಾರಾಟವಾಗುವುದು ಫೆಬ್ರವರಿಯಿಂದ ಜೂನ್‌ವರೆಗೆ. ತೋತಾಪುರಿ ಹೇರಳವಾಗಿ ಮಂಡಿಗೆ ಬರುವುದು ಜೂನ್, ಜುಲೈನಲ್ಲಿ. ಅಂದರೆ ಈ ವರ್ಷದ ಹಣ್ಣು ಬಹುಪಾಲು ಮುಂದಿನ ಬೇಸಿಗೆಯ ಪಾನೀಯ. ಬೇಸಿಗೆಯಲ್ಲಿ ಅಕಾಲ ಮಳೆ ಸುರಿದು ಸೀಸೆಗಳು ಅಂಗಡಿಯಲ್ಲಿ ಉಳಿದರೆ ಉಗ್ರಾಣದಲ್ಲಿ ಡ್ರಮ್ಮುಗಳೂ ಉಳಿಯುತ್ತವೆ. ಡ್ರಮ್ಮು ಕಾಯಬಲ್ಲದು, ಮರದ ಮೇಲಿನ ಹಣ್ಣು ಕಾಯಲಾರದು.

2025ರ ಜೂನ್‌ನಲ್ಲಿ ಆದದ್ದೂ ಇದೇ ಬಗೆಯದು. ಹಳೆಯ ತಿರುಳು ಉಳಿದಿದ್ದುದು ಬೆಲೆ ಕುಸಿತಕ್ಕೆ ಒಂದು ಕಾರಣವಾಯಿತು. ಆಂಧ್ರ ಸರ್ಕಾರ ತನ್ನ ಬೆಳೆಗಾರರಿಗೆ ಕಿಲೋಗೆ 12 ರೂಪಾಯಿ, ಅಂದರೆ ಕಾರ್ಖಾನೆಯಿಂದ 8, ಸರ್ಕಾರದಿಂದ 4, ಎಂದು ಗೊತ್ತುಮಾಡಿತು. ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಗಡಿ ದಾಟದಂತೆ ತಡೆಯಿತು. ತಿರುಳಿಗಾಗಿ ನೆರೆಯ ಜಿಲ್ಲೆಯನ್ನೇ ನಂಬಿದ್ದ ಕೋಲಾರದ ರೈತರ ಪಾಡು ಹೇಳತೀರದಾಯಿತು. ಕೊನೆಗೆ ಕೇಂದ್ರವು ಕ್ವಿಂಟಾಲಿಗೆ 1,616 ರೂಪಾಯಿಯ ಲೆಕ್ಕದಲ್ಲಿ 2.5 ಲಕ್ಷ ಟನ್‌ವರೆಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು.

ಹೂವಿನಲ್ಲೇ ತೋಟವನ್ನು ಗುತ್ತಿಗೆಗೆ ಕೊಡುವವರು ಮೊಗ್ಗು ನೋಡಿ ಬೆಲೆ ಕಟ್ಟುತ್ತಾರೆ. ಮೊಗ್ಗಿನ ಜೊತೆಗೆ ಉಗ್ರಾಣಗಳಲ್ಲಿ ಎಷ್ಟು ತಿರುಳು ಉಳಿದಿದೆ ಎಂಬುದನ್ನೂ ಮಂಡಿಯಲ್ಲಿ, ತಿರುಳು ಕಾರ್ಖಾನೆಗೆ ಹಣ್ಣು ಸಾಗಿಸುವ ಲಾರಿಯವರಲ್ಲಿ ವಿಚಾರಿಸಬೇಕು. ಗುತ್ತಿಗೆದಾರರು ಅದನ್ನು ವಿಚಾರಿಸಿಕೊಂಡೇ ತೋಟಕ್ಕೆ ಬಂದಿರುವ ಸಂಭವ ಹೆಚ್ಚು.