ಜಾಲತಾಣದ ವಿಳಾಸವೂ ಗ್ರಾಹಕರ ಆಯ್ಕೆಯೂ ತಾಳೆಯಾಗಲಿ

ಸರಕಿನ ಪಟ್ಟಿಯನ್ನು ಅಚ್ಚು ಹಾಕಿಸಿ ಅಂಚೆಯಲ್ಲಿ ಕಳುಹಿಸುತ್ತಿದ್ದ ಅನೇಕ ವರ್ತಕರು ಮತ್ತು ಸಣ್ಣ ಉದ್ಯಮಿಗಳು ಇಂದು ಅದೇ ಪಟ್ಟಿಯನ್ನು ಜಾಲತಾಣದಲ್ಲಿ ಇರಿಸಿದ್ದಾರೆ. ಜಾಲತಾಣವನ್ನು ಮಾಡಿಸುವಾಗ ಚಿತ್ರ, ಬಣ್ಣ, ಹಣ ಪಾವತಿಯ ವ್ಯವಸ್ಥೆ ಇವುಗಳ ಬಗ್ಗೆ ಸಾಕಷ್ಟು ಚರ್ಚೆ ನಡೆಯುತ್ತದೆ. ಆದರೆ ಬ್ರೌಸರಿನ ಮೇಲ್ಭಾಗದಲ್ಲಿರುವ ವಿಳಾಸವು ಪರದೆಯ ಮೇಲೆ ಕಾಣುವ ಪುಟಕ್ಕೆ ಹೊಂದಿಕೊಂಡಿದೆಯೇ ಎಂದು ಪರಿಶೀಲಿಸುವವರು ವಿರಳ. ಈ ಒಂದು ಕೊರತೆಯಿಂದ ಕೈಗೆ ಬಂದ ಬೇಡಿಕೆಯೇ ತಪ್ಪಿಹೋಗುವ ಸಂಭವವಿರುವುದರಿಂದ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ತೊಂದರೆಯ ಸ್ವರೂಪ

ಬೋಲ್ಟು, ನಟ್ಟುಗಳನ್ನು ತಯಾರಿಸುವ ಘಟಕವೊಂದರ ಜಾಲತಾಣವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಖರೀದಿದಾರರೊಬ್ಬರು ಸ್ಟೇನ್‌ಲೆಸ್ ಸ್ಟೀಲ್, 12 ಮಿ.ಮೀ. ವ್ಯಾಸ, 50 ಮಿ.ಮೀ. ಉದ್ದ ಎಂದು ಒಂದೊಂದಾಗಿ ಆರಿಸಿ, ಪಟ್ಟಿಯ ಮೂರನೆಯ ಪುಟದಲ್ಲಿ ತಮಗೆ ಬೇಕಾದ ಸರಕನ್ನು ಕಾಣುತ್ತಾರೆ. ಪಾಲುದಾರರ ಒಪ್ಪಿಗೆಗಾಗಿ ಆ ಪುಟದ ವಿಳಾಸವನ್ನು ವಾಟ್ಸ್‌ಆ್ಯಪ್ ಮೂಲಕ ಕಳುಹಿಸುತ್ತಾರೆ. ಪಾಲುದಾರರು ಅದನ್ನು ತೆರೆದಾಗ ಕಾಣುವುದು ಮುಖಪುಟ ಮಾತ್ರ. ಇತ್ತ ಖರೀದಿದಾರರು ಹಿಂದಿನ ಪುಟಕ್ಕೆ ಮರಳುವ ಗುಂಡಿಯನ್ನು ಒತ್ತಿದರೆ ಜಾಲತಾಣದಿಂದಲೇ ಹೊರಬೀಳುತ್ತಾರೆ. ಮತ್ತೆ ಮೊದಲಿನಿಂದ ಹುಡುಕುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಕಾರಣವೇನು?

ಹಿಂದೆ ಪ್ರತಿಯೊಂದು ಪುಟವೂ ಸರ್ವರಿನಿಂದ ಬೇರೆಯಾಗಿ ಬರುತ್ತಿದ್ದು, ಪ್ರತಿಯೊಂದಕ್ಕೂ ತನ್ನದೇ ವಿಳಾಸವಿರುತ್ತಿತ್ತು. 2004ರ ಜಿಮೇಲ್, 2005ರ ಗೂಗಲ್ ಮ್ಯಾಪ್ಸ್‌ಗಳಿಂದ ಬೇರೊಂದು ವಿಧಾನವು ಜನಪ್ರಿಯವಾಯಿತು. ಇದರಲ್ಲಿ ಪುಟವು ಒಮ್ಮೆ ಮಾತ್ರ ಬರುತ್ತದೆ. ಅನಂತರ ಅದರೊಳಗಿನ ಭಾಗಗಳಷ್ಟೇ ಬದಲಾಗುತ್ತವೆ. ವೇಗ ಹೆಚ್ಚಿತಾದರೂ, ಒಳಗಿನ ಬದಲಾವಣೆಯು ವಿಳಾಸದಲ್ಲಿ ತಾನಾಗಿ ದಾಖಲಾಗದಂತಾಯಿತು. ಮೊದಲು ವಿಳಾಸದ ಕೊನೆಯಲ್ಲಿ ಹ್ಯಾಶ್ ಚಿಹ್ನೆಯ ನಂತರ ವಿವರಗಳನ್ನು ಸೇರಿಸಿ ಇದನ್ನು ನಿವಾರಿಸುತ್ತಿದ್ದರು. ಆದರೆ ಆ ಚಿಹ್ನೆಯ ನಂತರದ ಭಾಗವು ಸರ್ವರಿಗೆ ತಲುಪುವುದೇ ಇಲ್ಲ. 2014ರಲ್ಲಿ ಅಧಿಕೃತ ಮಾನಕವಾದ ಎಚ್‌ಟಿಎಂಎಲ್5ರಲ್ಲಿ, ಪುಟವನ್ನು ಮತ್ತೆ ತರಿಸದೆಯೇ ವಿಳಾಸವನ್ನು ಬದಲಾಯಿಸುವ ಸೌಲಭ್ಯವು ಸೇರಿತು. ಆದುದರಿಂದ ಇಂದು ಈ ದೋಷ ಉಳಿದಿದ್ದರೆ ಅದಕ್ಕೆ ತಂತ್ರಜ್ಞಾನದ ಮಿತಿಯು ಕಾರಣವಲ್ಲ.

ಕಿರ್ದಿ ಮತ್ತು ಖಾತೆಯ ಹೋಲಿಕೆ

ಪರದೆಯ ಮೇಲಿನ ಆಯ್ಕೆಗಳು ಒಂದು ಪುಸ್ತಕ, ವಿಳಾಸವು ಮತ್ತೊಂದು ಪುಸ್ತಕ ಎಂದು ಭಾವಿಸಬಹುದು. ಎರಡರಲ್ಲಿಯೂ ಬೇರೆ ಬೇರೆಯಾಗಿ ಬರೆಯುತ್ತ ಹೋದರೆ ಒಂದಲ್ಲ ಒಂದು ದಿನ ಲೆಕ್ಕ ತಪ್ಪುತ್ತದೆ. ಮೊದಲು ಕಿರ್ದಿಯಲ್ಲಿ ನಮೂದಿಸಿ, ಅಲ್ಲಿಂದ ಖಾತೆಗೆ ಎತ್ತಿ ಬರೆಯುವುದು ನಮಗೆಲ್ಲ ತಿಳಿದಿರುವ ಕ್ರಮ. ಇಲ್ಲಿಯೂ ಹಾಗೆಯೇ. ಗ್ರಾಹಕರು ಆರಿಸಿದ್ದು ಮೊದಲು ವಿಳಾಸದಲ್ಲಿ ನಮೂದಾಗಬೇಕು. ಪರದೆಯು ವಿಳಾಸವನ್ನು ಓದಿ ತನ್ನನ್ನು ರೂಪಿಸಿಕೊಳ್ಳಬೇಕು. ಆಗ ಮೇಲಿನ ಉದಾಹರಣೆಯಲ್ಲಿ ವಿಳಾಸದ ಕೊನೆಯ ಭಾಗವು ‘/ಬೋಲ್ಟ್?ವ್ಯಾಸ=12&ಉದ್ದ=50&ಪುಟ=3’ ಎಂಬ ರೀತಿಯಲ್ಲಿರುತ್ತದೆ. ಹಿಂದಿನ ಗುಂಡಿಯನ್ನು ಒತ್ತಿದಾಗ ಬದಲಾಗುವುದು ವಿಳಾಸವೇ ಆದ್ದರಿಂದ, ಪರದೆಯೂ ಅದನ್ನು ಓದಿ ಸರಿಯಾದ ಪುಟಕ್ಕೆ ಮರಳುತ್ತದೆ.

ಯಾವುದು ಇರಬೇಕು, ಯಾವುದು ಇರಬಾರದು

ಸರಕಿನ ವರ್ಗ, ಅಳತೆ, ಹುಡುಕಿದ ಪದ, ಪುಟದ ಸಂಖ್ಯೆ ಇವು ವಿಳಾಸದಲ್ಲಿ ಇರತಕ್ಕವು. ಗುಪ್ತಪದ, ಗ್ರಾಹಕರ ದೂರವಾಣಿ ಸಂಖ್ಯೆ, ಪಾವತಿಯ ವಿವರ ಇವು ಎಂದಿಗೂ ಇರಕೂಡದು. ಏಕೆಂದರೆ ವಿಳಾಸವು ಬ್ರೌಸರಿನ ಇತಿಹಾಸದಲ್ಲಿಯೂ ಸರ್ವರಿನ ದಾಖಲೆಯಲ್ಲಿಯೂ ಉಳಿಯುತ್ತದೆ. ದರವನ್ನು ವಿಳಾಸದಿಂದ ಓದಿ ನಂಬುವಂತೆಯೂ ಇಲ್ಲ. ವಿಳಾಸವನ್ನು ಯಾರು ಬೇಕಾದರೂ ತಿದ್ದಬಹುದು. ಆದುದರಿಂದ ದರವು ಸರ್ವರಿನ ದಾಖಲೆಯಿಂದಲೇ ಬರಬೇಕು. ಹಾಗೆಯೇ, ಒಂದು ವಿಳಾಸವನ್ನು ತೆರೆದ ಮಾತ್ರಕ್ಕೆ ಬೇಡಿಕೆಯು ದಾಖಲಾಗುವಂತಿರಬಾರದು. ಇಲ್ಲವಾದರೆ ಅದೇ ವಿಳಾಸವನ್ನು ಮತ್ತೊಮ್ಮೆ ತೆರೆದವರ ಹೆಸರಿನಲ್ಲಿ ಎರಡು ಬೇಡಿಕೆಗಳಾದಾವು.

ಇನ್ನೊಂದು ಸೂಕ್ಷ್ಮವಿದೆ. ಹುಡುಕುವ ಪದದ ಒಂದೊಂದು ಅಕ್ಷರಕ್ಕೂ ಹೊಸ ನಮೂದು ಸೇರಿದರೆ, ಮರಳಿ ಬರಲು ಗ್ರಾಹಕರು ಗುಂಡಿಯನ್ನು ಹತ್ತಾರು ಬಾರಿ ಒತ್ತಬೇಕಾಗುತ್ತದೆ. ಇಂತಹ ಕಡೆ ಹೊಸದನ್ನು ಸೇರಿಸುವ ಬದಲು ಇದ್ದ ನಮೂದನ್ನೇ ತಿದ್ದುವ ವ್ಯವಸ್ಥೆಯಿರಬೇಕು.

ಅಂತಿಮ ಕಂತಿಗೆ ಮೊದಲು

ಜಾಲತಾಣವನ್ನು ಸಿದ್ಧಪಡಿಸಿದವರಿಗೆ ಕೊನೆಯ ಕಂತನ್ನು ಪಾವತಿಸುವ ಮೊದಲು ಸದಸ್ಯರು ಈ ಕೆಳಗಿನ ಪರೀಕ್ಷೆಗಳನ್ನು ತಾವೇ ಮಾಡಿ ನೋಡುವುದು ಒಳಿತು. ಇದಕ್ಕೆ ತಾಂತ್ರಿಕ ಜ್ಞಾನದ ಅಗತ್ಯವಿಲ್ಲ.

1. ಮೂರು ಆಯ್ಕೆಗಳನ್ನು ಮಾಡಿ, ವಿಳಾಸವನ್ನು ಮತ್ತೊಂದು ಫೋನಿಗೆ ಕಳುಹಿಸಿ. ಅಲ್ಲಿಯೂ ಅದೇ ಪಟ್ಟಿ ತೆರೆಯಬೇಕು.

2. ಹಿಂದಿನ ಮತ್ತು ಮುಂದಿನ ಗುಂಡಿಗಳನ್ನು ಒತ್ತಿ. ಹೆಜ್ಜೆ ಹೆಜ್ಜೆಯಾಗಿ ಹೋಗಿ ಬರಲು ಸಾಧ್ಯವಾಗಬೇಕು.

3. ಒಳಪುಟದಲ್ಲಿದ್ದಾಗ ಪುಟವನ್ನು ಮತ್ತೆ ತರಿಸಿ. ‘404’ ಎಂಬ ದೋಷಸಂಖ್ಯೆ ಕಂಡರೆ ಸರ್ವರಿನ ಜೋಡಣೆ ಅಪೂರ್ಣವೆಂದು ತಿಳಿಯಿರಿ.

4. ವಿಳಾಸದಲ್ಲಿನ ಅಳತೆಯನ್ನು ತಪ್ಪಾಗಿ ತಿದ್ದಿ ತೆರೆಯಿರಿ. ಪುಟವು ಖಾಲಿಯಾಗದೆ, ಅಂತಹ ಸರಕಿಲ್ಲವೆಂಬ ಸ್ಪಷ್ಟ ಸೂಚನೆ ಬರಬೇಕು.

5. ಜಾಲತಾಣವನ್ನು ನವೀಕರಿಸಿದ್ದರೆ, ಪೆಟ್ಟಿಗೆ ಹಾಗೂ ಬಿಲ್ಲುಗಳ ಮೇಲೆ ಈಗಾಗಲೇ ಅಚ್ಚಾಗಿರುವ ಕ್ಯೂಆರ್ ಕೋಡುಗಳನ್ನು ಪರೀಕ್ಷಿಸಿ. ಹಳೆಯ ವಿಳಾಸಗಳು ಹೊಸ ಪುಟಕ್ಕೆ ದಾರಿ ತೋರಿಸಬೇಕು.

ಈ ಐದು ಅಂಶಗಳನ್ನು ಕೆಲಸದ ಕರಾರಿನಲ್ಲಿಯೇ ಬರೆಸುವುದು ಲೇಸು. ಆರಂಭದಲ್ಲಿ ಇದಕ್ಕೆ ತಗಲುವ ಶ್ರಮ ಅಲ್ಪ. ಜಾಲತಾಣ ಪೂರ್ಣಗೊಂಡ ಮೇಲೆ ಸರಿಪಡಿಸಲು ಹೊರಟರೆ ಬಹುತೇಕ ಪುಟಗಳನ್ನು ಮತ್ತೆ ಬಿಚ್ಚಿ ಕಟ್ಟಬೇಕಾದೀತು.