ಹಿಮದ ನೆನಪಲ್ಲಿ ಮರೆಯಾದ ಕಡಲು

ಅಮೆರಿಕದ ಬಾಸ್ಟನ್ ಸುತ್ತಲಿನ ಊರುಗಳಲ್ಲಿ ಅರವತ್ತು ದಾಟಿದವರನ್ನು 1978ರ ಫೆಬ್ರುವರಿ 6 ಮತ್ತು 7ರ ಹಿಮಮಾರುತದ ಬಗ್ಗೆ ಕೇಳಿದರೆ ಸಾಕು, ನೆನಪುಗಳು ತಾವಾಗಿಯೇ ಹರಿದುಬರುತ್ತವೆ. ಹಿಮವನ್ನು ಪ್ರೀತಿಸುವವರ ಪಾಲಿಗಂತೂ ಅದು ಹಬ್ಬದ ನೆನಪು. ನಡುಬೀದಿಯಲ್ಲಿ ಸ್ಕೀ ಮಾಡಿದ್ದು, ಮಕ್ಕಳ ಜಾರುಬಂಡಿಯಲ್ಲಿ ಹಾಲು ಬ್ರೆಡ್ಡು ಎಳೆದು ತಂದದ್ದು, ಸುಮಾರು ಒಂದು ವಾರ ಕಾರಿನ ಸದ್ದೇ ಇಲ್ಲದ ರಸ್ತೆ, ರಾಜ್ಯಪಾಲ ಮೈಕೆಲ್ ಡುಕಾಕಿಸ್ ಸ್ವೆಟರ್ ತೊಟ್ಟು ಟೀವಿಯಲ್ಲಿ ಧೈರ್ಯ ಹೇಳಿದ್ದು. ಬಾಸ್ಟನ್ನಿನಲ್ಲಿ ಬಿದ್ದ ಹಿಮ 27.1 ಇಂಚು, ಅಂದರೆ ಸುಮಾರು 69 ಸೆಂಟಿಮೀಟರ್. ಆ ಅಂಕಿ ಅಲ್ಲಿಯವರಿಗೆ ಬಾಯಿಪಾಠ. ಇದೆಲ್ಲವೂ ನಿಜ. ಆದರೆ ಇದು ಅರ್ಧ ಕಥೆ. ಆ ಮಾರುತ ಕರಾವಳಿಯನ್ನು ಮುರಿದದ್ದು ಹಿಮದಿಂದಲ್ಲ, ಕಡಲಿನಿಂದ. ಹಿಮದ ಬೆಳ್ಳನೆಯ ನೆನಪು ಕಡಲನ್ನು ಮುಚ್ಚಿಬಿಟ್ಟಿದೆ, ಅದರ ಬೆಲೆಯನ್ನು ಆ ಊರುಗಳು ಇಂದಿಗೂ ತೆರುತ್ತಿವೆ ಎಂಬುದು ನನ್ನ ವಾದ.

ಇಂಥ ಮಾರುತವನ್ನು ಅಲ್ಲಿ ನಾರ್‌ಈಸ್ಟರ್ ಎನ್ನುತ್ತಾರೆ. ಗಾಳಿ ಈಶಾನ್ಯದಿಂದ, ಅಂದರೆ ನೇರ ಸಮುದ್ರದ ಕಡೆಯಿಂದ ದಡಕ್ಕೆ ಬೀಸುತ್ತದೆ. ಉತ್ತರದ ಒಣ ಚಳಿಗಾಳಿಗೂ ಅಟ್ಲಾಂಟಿಕ್ ಮೇಲಿನ ಬೆಚ್ಚನೆಯ ತೇವಕ್ಕೂ ನಡುವಿನ ಅಂತರವೇ ಅದರ ಕಸುವು. ಸಾಮಾನ್ಯವಾಗಿ ಅದು ಒಂದು ದಿನದೊಳಗೆ ಈಶಾನ್ಯದತ್ತ ಸರಿದುಹೋಗುತ್ತದೆ. 1978ರಲ್ಲಿ ಕೆನಡಾದ ಮೇಲೆ ಕುಳಿತಿದ್ದ ಅಧಿಕ ಒತ್ತಡ ದಾರಿ ಕಟ್ಟಿತು, ಮಾರುತ ನಿಂತಲ್ಲೇ ನಿಂತು ಸುಮಾರು 33 ಗಂಟೆ ಹಿಮ ಸುರಿಸಿತು. ಫೆಬ್ರುವರಿ 7 ಅಮಾವಾಸ್ಯೆ. ಅಮಾವಾಸ್ಯೆಯ ಕಡಲು ಎಷ್ಟು ಉಕ್ಕುತ್ತದೆಂದು ನಮ್ಮ ಮಂಗಳೂರು, ಉಡುಪಿ, ಕಾರವಾರದ ಮೀನುಗಾರರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಗೆ ಉಕ್ಕಿದ ನೀರನ್ನು ಚಂಡಮಾರುತದ ವೇಗದ ಗಾಳಿ ದಡಕ್ಕೆ ಒತ್ತಿಹಿಡಿಯಿತು. ಒಂದು ಉಬ್ಬರದ ನೀರು ಪೂರ್ತಿ ಇಳಿಯುವ ಮುನ್ನವೇ ಮತ್ತೊಂದು. ಗಾಳಿ ಬೇಗ ಸರಿದಿದ್ದರೆ ಒಂದೋ ಎರಡೋ ಉಬ್ಬರಕ್ಕೆ ಮುಗಿಯಬಹುದಾಗಿದ್ದದ್ದು ಸಾಲುಸಾಲಾಗಿ ಬಂದು ಅಪ್ಪಳಿಸಿತು.

ರಿವಿಯರ್, ಹಲ್, ಸಿಚುಯೇಟ್ ಊರುಗಳಲ್ಲಿ ತಡೆಗೋಡೆ ದಾಟಿದ ಅಲೆ ಮನೆಗಳ ಒಳಹೊಕ್ಕಿತು. ಮ್ಯಾಸಚೂಸೆಟ್ಸಿನ ಕರಾವಳಿಯಲ್ಲಿ 2,000ಕ್ಕೂ ಹೆಚ್ಚು ಮನೆಗಳು ಕುಸಿದವು ಇಲ್ಲವೇ ಭಾರಿ ಹಾನಿಗೊಳಗಾದವು. ಸೇಲಂ ಬಳಿ ಅಪಾಯದಲ್ಲಿದ್ದ ಹಡಗೊಂದಕ್ಕೆ ನೆರವಾಗಲು ಹೊರಟ ‘ಕ್ಯಾನ್ ಡು’ ಎಂಬ ಪುಟ್ಟ ದೋಣಿಯ ಐವರೂ ಮರಳಲಿಲ್ಲ. ರಾಕ್‌ಪೋರ್ಟ್ ಬಂದರಿನಲ್ಲಿ ಕೆಂಪು ಬಣ್ಣದ ಒಂದು ಹಳೆಯ ಮೀನುಗಾರಿಕೆ ಕೊಟ್ಟಿಗೆಯಿತ್ತು. ಚಿತ್ರಕಾರರು ಎಷ್ಟು ಸಲ ಬಿಡಿಸಿದ್ದರೆಂದರೆ ಅದಕ್ಕೆ ‘ಮೋಟಿಫ್ ನಂಬರ್ 1’ ಎಂದೇ ಹೆಸರಾಗಿತ್ತು. ಕಡಲು ಅದನ್ನೂ ಕೆಡವಿತು. ಊರವರು ಅದೇ ವರ್ಷ ಅದೇ ಜಾಗದಲ್ಲಿ ಅದೇ ಕೆಂಪು ಬಣ್ಣದ ಮತ್ತೊಂದನ್ನು ಕಟ್ಟಿದರು. ಇಂದು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರಿಗೆ ಅಲ್ಲಿ ಏನೂ ನಡೆದೇ ಇಲ್ಲವೆಂಬಂತೆ ಕಾಣುತ್ತದೆ.

ಹಿಮವೇ ಕೊಂದಿತಲ್ಲ ಎಂದು ಕೇಳುವವರಿದ್ದಾರೆ, ಕೇಳಲೇಬೇಕು. ಹಿಮ ಮುನ್ಸೂಚನೆಗಿಂತ ತಡವಾಗಿ ಶುರುವಾಯಿತು. ಬೆಳಿಗ್ಗೆ ಹಿಮ ಕಾಣದೆ ಕೆಲಸಕ್ಕೆ ಹೋದವರು ಮಧ್ಯಾಹ್ನ ಒಟ್ಟಿಗೇ ಮನೆಗೆ ಹೊರಟು 128ನೇ ಹೆದ್ದಾರಿಯಲ್ಲಿ ಸಿಕ್ಕಿಬಿದ್ದರು. 3,000ಕ್ಕೂ ಹೆಚ್ಚು ಕಾರುಗಳು ಹೂತುಹೋದವು. ಹೊಗೆಕೊಳವೆ ಹಿಮದಲ್ಲಿ ಮುಚ್ಚಿಹೋಗಿ ವಿಷಾನಿಲ ಒಳಗೇ ತುಂಬಿ ಕೆಲವರು ಕಾರಿನಲ್ಲೇ ಸತ್ತರು. ಇಡೀ ಪ್ರದೇಶದಲ್ಲಿ ಸತ್ತವರು ನೂರರ ಆಸುಪಾಸು. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಈ ಪಾಠ ವ್ಯರ್ಥವಾಗಲಿಲ್ಲ: ಈಗ ಮೊದಲ ಹಿಮ ಬೀಳುವ ಮುನ್ನವೇ ಶಾಲೆಗಳಿಗೆ ರಜೆ ಸಾರುತ್ತಾರೆ, ಅಗತ್ಯ ಬಿದ್ದರೆ ವಾಹನ ಸಂಚಾರವನ್ನೂ ನಿಲ್ಲಿಸುತ್ತಾರೆ. ಯಾವುದನ್ನು ನೆನಪಿಟ್ಟರೋ ಅದನ್ನು ಸರಿಪಡಿಸಿಕೊಂಡರು. 1888ರ ಮಾರ್ಚ್‌ನ ಮಹಾಮಾರುತವೂ ಹೀಗೆಯೇ. ನ್ಯೂಯಾರ್ಕಿನಲ್ಲಿ ಟೆಲಿಗ್ರಾಫ್ ತಂತಿಗಳು ಬೀದಿಗೆ ಬಿದ್ದು, ಎತ್ತರದ ಹಳಿಯ ಮೇಲೆ ರೈಲುಗಳು ನಿಂತುಹೋದವು. ಬದುಕುಳಿದವರು ಮುಂದೆ ಸಂಘವನ್ನೇ ಕಟ್ಟಿಕೊಂಡು ಆ ನೆನಪನ್ನು ಕಾಪಾಡಿದರು. ತಂತಿಗಳು ನೆಲದಡಿ ಸೇರಲು, ಸುರಂಗ ರೈಲಿನ ಕೂಗಿಗೆ ಬಲ ಬರಲು ಆ ಮಾರುತ ದೊಡ್ಡ ಕಾರಣವಾಯಿತು.

ಹಾಗಾಗಿ ಸಾವಿನ ನಡುವೆಯೂ ಹಿಮವನ್ನು ಮೆಚ್ಚಿ ನೆನೆಯುವುದು ಕಲ್ಲೆದೆ ಎಂಬ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಪ್ರೀತಿ ಇದ್ದವರೇ ಇಂಚಿಂಚು ಲೆಕ್ಕ ಇಟ್ಟವರು, ನಕ್ಷೆ ಬರೆದವರು, ಮುಂದಿನ ತಲೆಮಾರಿಗೆ ಹೇಳಿದವರು. ನನ್ನ ದೂರು ಅವರು ನೆನೆಯುತ್ತಾರೆಂದಲ್ಲ, ಕಡಲನ್ನು ಬಿಟ್ಟು ನೆನೆಯುತ್ತಾರೆಂದು. ಹಿಮ ಕರಗುತ್ತದೆ, ಬಾಕಿ ಉಳಿಯುವುದು ಸಂತೋಷವೇ. ಕಡಲು ಕೊಂಡೊಯ್ದ ಮನೆಯ ಜಾಗದಲ್ಲಿ ಮತ್ತೊಂದು ಮನೆ ಏಳುತ್ತದೆ, ಹಲವೆಡೆ ಕಂಬಗಳ ಮೇಲೆ ಎತ್ತರಿಸಿ, ಆದರೆ ಅದೇ ದಡದಲ್ಲಿ.

ಮರೆವಿನ ಅಪಾಯ ಬಯಲಾದದ್ದು 2018ರ ಜನವರಿ 4ರಂದು. ಅಂದಿನ ಮಾರುತದಲ್ಲಿ ಬಾಸ್ಟನ್ನಿನಲ್ಲಿ ಬಿದ್ದ ಹಿಮ 1978ರ ಸುಮಾರು ಅರ್ಧ. ಆದರೂ ಬಂದರಿನ ನೀರು 1978ರ ಮಟ್ಟವನ್ನು ಕೂದಲೆಳೆಯಷ್ಟು ಮೀರಿ ಹೊಸ ದಾಖಲೆ ಬರೆಯಿತು. ಕಡಲತಡಿಯ ಅಕ್ವೇರಿಯಂ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದು ಉಪ್ಪುನೀರು ನುಗ್ಗಿತು. ನಡುವಣ ನಲವತ್ತು ವರ್ಷಗಳಲ್ಲಿ ಅಲ್ಲಿನ ಸಮುದ್ರಮಟ್ಟ ಸುಮಾರು ಹತ್ತು ಸೆಂಟಿಮೀಟರ್ ಏರಿದೆ. ಮುಂದಿನ ಮಾರುತ ಹಿಂದಿನದರಷ್ಟು ಬಲವಾಗಿ ಬೀಸದಿದ್ದರೂ ನೀರು ಅಷ್ಟೇ ಮೇಲೇರಬಲ್ಲದು.

ಬಾಸ್ಟನ್ ಸುತ್ತಮುತ್ತ ಇಂದು ಕನ್ನಡದ ಮನೆಗಳೂ ಸಾಕಷ್ಟಿವೆ, ಮಕ್ಕಳು ಮೊದಲ ಹಿಮಕ್ಕೆ ಕುಣಿಯುವ ಮನೆಗಳು. ಆ ಕುಣಿತ ಇರಲಿ. ಮಾರುತದ ಮುನ್ಸೂಚನೆ ಬಂದ ದಿನ ಎಷ್ಟು ಇಂಚು ಹಿಮ ಎಂದು ನೋಡಿದ ಮೇಲೆ, ಉಬ್ಬರ ಎಷ್ಟು ಗಂಟೆಗೆ ಎಂಬುದನ್ನೂ ದಯವಿಟ್ಟು ನೋಡಿ.